ಸೆಕೆಂಡು ಸಾಹೇಬರ ನಡುಗುವ ಕಾರು

ಆ ಬೀದಿಯಲ್ಲಿ ಯಾರಾದರೂ ಅಪ್ಪಿತಪ್ಪಿ "ಹತ್ತೂವರೆ ಆಯ್ತು" ಎಂದುಬಿಟ್ಟರೆ, ಎಲ್ಲಿಂದಲೋ "ಹತ್ತು ಇಪ್ಪತ್ತೇಳು" ಎಂಬ ತಿದ್ದುಪಡಿ ಬಂದು ಬೀಳುತ್ತಿತ್ತು. ತಿದ್ದಿದವರು ಕೈಗಡಿಯಾರ ನೋಡಿಕೊಂಡು, ಗಂಟಲು ಸರಿಪಡಿಸಿಕೊಂಡು, ಜಗತ್ತನ್ನು ಮೂರು ನಿಮಿಷದ ಅನಾಹುತದಿಂದ ಪಾರು ಮಾಡಿದ ಗಂಭೀರ ಮುಖದಲ್ಲಿ ಮುಂದೆ ನಡೆಯುತ್ತಿದ್ದರು. ಬೀದಿಯವರು ಅವರಿಗೆ ಸೆಕೆಂಡು ಸಾಹೇಬರು ಎಂದು ಹೆಸರಿಟ್ಟಿದ್ದರು. ಅದು ಗೇಲಿ ಎಂದು ಇಟ್ಟವರಿಗೆಲ್ಲ ಗೊತ್ತಿತ್ತು. ಸಾಹೇಬರು ಮಾತ್ರ ಅದನ್ನು ಬಿರುದೆಂದೇ ತಿಳಿದು ಮೂವತ್ತು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದರು.

ಅವರದು ಗಡಿಯಾರ ರಿಪೇರಿ ಅಂಗಡಿ. ಅಂಗಡಿ ಎನ್ನುವುದು ಮರ್ಯಾದೆಯ ಮಾತು. ಹಳೆಯ ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಉಳಿದ ಸಂದು ಅದು. ಒಳಗೆ ನಿಂತರೆ ತಲೆ ತಗಲುತ್ತಿತ್ತು, ಆದ್ದರಿಂದ ಸಾಹೇಬರು ಯಾವಾಗಲೂ ಕೂತೇ ಇರುತ್ತಿದ್ದರು. ಯಾರು ಬಂದರೂ ಏಳುವುದಿಲ್ಲ ಎಂಬ ದೊಡ್ಡಸ್ತಿಕೆ ಅವರಿಗೆ ಹೀಗೆ ಪುಕ್ಕಟೆಯಾಗಿ ದಕ್ಕಿತ್ತು. ತಂದೆಯ ಕಾಲದ ಮೇಜು, ತಂದೆಯ ಕಾಲದ ಚಿಮುಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಧೂಳು ಕೂರದಿರಲೆಂದು ಬಿಚ್ಚಿದ ಗಡಿಯಾರಗಳ ಮೇಲೆ ಕವಿಚಿಟ್ಟ ಪುಟ್ಟ ಗಾಜಿನ ಬಟ್ಟಲುಗಳು. "ನಾವು ರಿಪೇರಿಯವರಲ್ಲ ಕಣಯ್ಯ, ಡಾಕ್ಟರು" ಎಂದು ಅವರು ಆಗಾಗ ಹೇಳುವುದಿತ್ತು.

ಆ ಡಾಕ್ಟರ ಕೈ ಈಗ ಕೆಲವು ತಿಂಗಳಿಂದ ನಡುಗುತ್ತಿತ್ತು.

ಸ್ಪ್ಯಾನರಿನಂಥ ದಪ್ಪ ವಸ್ತುವನ್ನು ಮುಷ್ಟಿಯಲ್ಲಿ ಬಿಗಿಹಿಡಿದರೆ ಏನೂ ಇಲ್ಲ. ಬೆರಳ ತುದಿಯಲ್ಲಿ ಹಿಡಿಯುವ ಕೆಲಸಕ್ಕೆ ಕೈ ಹಾಕಿದರೆ ಸಾಕು, ಚಿಮುಟದ ಎರಡು ತುದಿಗಳು ಚಳಿಗೆ ಹಲ್ಲು ಕಡಿದಂತೆ ಕಟಕಟ ಎನ್ನುತ್ತಿದ್ದವು. ಆಸ್ಪತ್ರೆಯ ಹೆಡ್ ನರ್ಸ್ ಒಬ್ಬರು ತಮ್ಮ ತಾಯಿಯ ಪುಟ್ಟ ಕೈಗಡಿಯಾರ ಕೊಟ್ಟು ಹೋಗಿ ಐದು ತಿಂಗಳಾಗಿತ್ತು. ಅದನ್ನು ಬಿಚ್ಚಿದ್ದು ಅರ್ಧ ಗಂಟೆಯಲ್ಲಿ. ಜೋಡಿಸಲು ಮಾತ್ರ ಆಗಿರಲಿಲ್ಲ. ಮೂರು ಸಲ ಪ್ರಯತ್ನಿಸಿ, ನಾಲ್ಕನೆಯ ಸಲ ಕೂದಲೆಳೆಯಂಥ ಸ್ಪ್ರಿಂಗು ಸೊಟ್ಟಗಾದ ಮೇಲೆ, ಅದನ್ನು ಗಾಜಿನ ಬಟ್ಟಲ ಕೆಳಗೆ ಮುಚ್ಚಿಟ್ಟಿದ್ದರು. ನರ್ಸ್ ಬಂದಾಗಲೆಲ್ಲ "ಒಂದು ಪಾರ್ಟು ಬರ್ಬೇಕಮ್ಮ" ಎನ್ನುತ್ತಿದ್ದರು. ಆಕೆ "ಇರಲಿ, ನಿಧಾನ ಆಗ್ಲಿ" ಎಂದು ಹೋಗುತ್ತಿದ್ದರು. ಆ ಒಳ್ಳೆಯತನ ಸಾಹೇಬರಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಅವರ ತಂದೆಗೂ ಹೀಗೇ ಆಗಿತ್ತು. ಕೊನೆಕೊನೆಗೆ ಮುದುಕರು ಎರಡೂ ಕೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಅಂಗಡಿಯಲ್ಲಿ ಕೂತಿರುತ್ತಿದ್ದರು. ಗಡಿಯಾರದ ಬೆಲ್ಟು ಬದಲಾಯಿಸುವುದು, ಗಾಜು ಒರೆಸುವುದು, ಇಷ್ಟೇ. ಗಿರಾಕಿ ಬಂದರೆ "ಈಗೆಲ್ಲ ಮಗನೇ ನೋಡ್ಕೋತಾನೆ" ಎಂದು ಜಂಬದಿಂದ ತಲೆಯಾಡಿಸುತ್ತಿದ್ದರು. ಸಾಹೇಬರಿಗೆ ಹಾಗೆ ಹೇಳಿ ಪಾರಾಗಲು ಮಕ್ಕಳಿರಲಿಲ್ಲ. ಕೈ ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ತಾವು ಯಾರು ಎಂಬುದು ಅವರಿಗೇ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಚಹದ ಕಪ್ಪು ಸಾಸರಿನ ಮೇಲೆ ಗಿಲಗಿಲ ಎಂದಾಗ ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತಿ ನೋಡಿದಳು. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು.

"ಏನ್ರೀ ಅದು?"

ಸಾಹೇಬರ ಬಾಯಿಗೆ ಅದು ಹೇಗೆ ಬಂತೋ, ಬಂದುಬಿಟ್ಟಿತು. "ಕಾರಿನ ನಡುಕ ಕಣೇ. ದಿನಾ ಅರ್ಧ ಗಂಟೆ ಆ ಸ್ಟೇರಿಂಗ್ ಹಿಡಿದು ಬರ್ತೀನಲ್ಲ, ಕೈಗೆ ಹತ್ತಿಬಿಟ್ಟಿದೆ."

ಕಾರು ನಡುಗುತ್ತಿದ್ದದ್ದು ನಿಜ. ಇಪ್ಪತ್ತೆರಡು ವರ್ಷದ ಕಾರು. ಸಿಗ್ನಲ್ಲಿನಲ್ಲಿ ನಿಂತರೆ ಡೋರುಗಳು, ಕನ್ನಡಿ, ಸಾಹೇಬರ ಕೆನ್ನೆ ಎಲ್ಲವೂ ಒಟ್ಟಿಗೆ ಅದುರುತ್ತಿದ್ದವು. ಆದ್ದರಿಂದ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಹೇಳಿದ ಎರಡು ದಿನಕ್ಕೆ ಸಾಹೇಬರೇ ಅದನ್ನು ಅರ್ಧ ನಂಬಿದರು. ವಾರಕ್ಕೆ ಮುಕ್ಕಾಲು ನಂಬಿದರು. ಉಳಿದ ಕಾಲು ಭಾಗ ಮಾತ್ರ ರಾತ್ರಿ ಹಗಲು ಎದೆಯಲ್ಲಿ ಕೂತು ಕೊರೆಯುತ್ತಿತ್ತು.

"ಹಾಗಾದ್ರೆ ಕಾರು ರಿಪೇರಿ ಮಾಡ್ಸಿ" ಎಂದಳು ಹೆಂಡತಿ. ಅಷ್ಟೇ. ದಾರ ಹಲ್ಲಿನಲ್ಲಿ ಕಡಿದು ಮತ್ತೆ ಯಂತ್ರ ತುಳಿಯತೊಡಗಿದಳು.

ಸಾಹೇಬರು ತಾವೇ ತೋಡಿದ ಹಳ್ಳವನ್ನು ಆಗ ಕಂಡರು.

ಪಕ್ಕದ ಮನೆಯಲ್ಲಿ ಲಾರಿಯಣ್ಣ ಇದ್ದ. ಮೂವತ್ತೈದು ವರ್ಷ ಲಾರಿ ಓಡಿಸಿ ನಿವೃತ್ತನಾದ ಆಳು. ಕಾಂಪೌಂಡ್ ಗೋಡೆಯ ಮೇಲೆ ಮೊಣಕೈಯೂರಿ ಊರವರ ವಾಹನಗಳ ಸದ್ದು ಕೇಳಿ ಅವುಗಳ ರೋಗ ಹೇಳುವುದು ಈಗ ಅವನ ಉದ್ಯೋಗ. ಹೆಂಡತಿಯೇ ಅವನನ್ನು ಕರೆದಳು. ಅವನು ಬಂದು ಬಾನೆಟ್ಟು ಎತ್ತಿ, ಇಂಜಿನ್ ಸ್ಟಾರ್ಟ್ ಮಾಡಿಸಿ, ಹಸುವಿನ ಬೆನ್ನು ತಡವಿದಂತೆ ಒಂದು ಸಲ ಕೈಯಾಡಿಸಿದ.

"ಮೌಂಟಿಂಗ್ ಹೋಗಿದೆ ಸಾಹೇಬ್ರೇ. ಇಂಜಿನ್ ಕೂರೋಕೆ ಕೆಳಗೆ ಒಂದು ರಬ್ಬರ್ ದಿಂಬು ಇರತ್ತಲ್ಲ, ಅದು ಸತ್ತಿದೆ. ಈಗ ಕಬ್ಬಿಣದ ಮೇಲೆ ಕಬ್ಬಿಣ ಕೂತು ಕುಟ್ಟುತಾ ಇದೆ. ಗ್ಯಾರೇಜಿಗೆ ಬಿಡಿ. ಅರ್ಧ ದಿನದ ಕೆಲಸ."

ಅರ್ಧ ದಿನ! ಸಾಹೇಬರು ಲೆಕ್ಕ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಕಾರಿನ ನಡುಕ ನಿಂತುಬಿಡುತ್ತದೆ. ಒಂದು ಗಂಟೆಗೆ ಊಟಕ್ಕೆ ಕೂತಾಗ ಹೆಂಡತಿ ಕೈ ನೋಡುತ್ತಾಳೆ. ಆ ಹೊತ್ತಿಗೆ ಕೈಯೂ ನಿಂತಿದ್ದರೆ ಸರಿ. ನಿಂತಿಲ್ಲದಿದ್ದರೆ?

"ಗ್ಯಾರೇಜಿನವರಾ?" ಎಂದರು ಮೂಗೆಳೆದು. "ಅವರು ಸುತ್ತಿಗೆ ಹಿಡ್ಕೊಂಡೇ ಹುಟ್ಟಿದವರು. ನಾನೇ ಮಾಡ್ತೀನಿ. ಕಾರು ಅಂದ್ರೇನು, ಸ್ವಲ್ಪ ಗಲೀಜಾದ ದೊಡ್ಡ ಗಡಿಯಾರ."

ಲಾರಿಯಣ್ಣ ಅವರ ಮುಖವನ್ನೇ ನೋಡಿದ. ಆಮೇಲೆ ಕಾರಿನ ಮುಖ ನೋಡಿದ. ಕನಿಕರ ಯಾರ ಮೇಲೆ ಎಂದು ತೀರ್ಮಾನವಾಗದೆ ಮನೆಗೆ ಹೋದ.

ಭಾನುವಾರ ಬೆಳಿಗ್ಗೆ ಆಪರೇಷನ್ ಶುರುವಾಯಿತು. ಹಿತ್ತಲ ಗಲ್ಲಿಯಲ್ಲಿ ಕಾರು ನಿಂತಿತ್ತು. ಅದರ ಪಕ್ಕ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಹಾಸಿಗೆ ಬಟ್ಟೆಯೊಂದನ್ನು ಹಾಸಿದರು. ಗಡಿಯಾರ ಬಿಚ್ಚುವವರ ನಿಯಮ ಅದು. ಬಿಚ್ಚಿದ ಕ್ರಮದಲ್ಲೇ ಒಂದೊಂದು ಸ್ಕ್ರೂವನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಬೇಕು, ಉಲ್ಟಾ ಕ್ರಮದಲ್ಲಿ ಜೋಡಿಸಬೇಕು, ಕೊನೆಗೆ ಬಟ್ಟೆ ಖಾಲಿಯಾಗಬೇಕು. ನಲವತ್ತು ವರ್ಷದಲ್ಲಿ ಅವರ ಬಟ್ಟೆಯ ಮೇಲೆ ಒಂದು ಸ್ಕ್ರೂ ಉಳಿದದ್ದಿಲ್ಲ.

"ಅದು ನಮ್ಮ ಹೊಸ ಬೆಡ್‌ಶೀಟಲ್ವೇನ್ರೀ?" ಎಂದಳು ಹೆಂಡತಿ ಕಿಟಕಿಯಿಂದ.

"ಕೆಲಸದ ಸಮಯದಲ್ಲಿ ಮಾತಾಡಿಸ್ಬೇಡ."

ಜಾಕಿನ ಮೇಲೊಂದು ಮರದ ಹಲಗೆಯಿಟ್ಟು ಇಂಜಿನ್ನಿನ ಹೊಟ್ಟೆಗೆ ಆನಿಸಿ, ಭಾರ ಹಿಡಿಯುವಷ್ಟು ಎತ್ತಿದರು. ಇಷ್ಟನ್ನು ಲಾರಿಯಣ್ಣ ಗೋಡೆಯಾಚೆಯಿಂದ ಹೇಳಿಕೊಟ್ಟಿದ್ದ. ಆಮೇಲೆ ಸಾಹೇಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಾನೆಟ್ಟಿನೊಳಗೆ ಬಗ್ಗಿದರು. ಮೌಂಟಿಂಗಿನ ದೊಡ್ಡ ಬೋಲ್ಟು ತುಕ್ಕು ಹಿಡಿದು ನಟ್ಟಿನ ಜೊತೆ ಒಂದೇ ಮೈಯಾಗಿತ್ತು. ಅವರು ಜೇಬಿನಿಂದ ಪುಟ್ಟ ಸೀಸೆ ತೆಗೆದರು. ಎಣ್ಣೆಯಲ್ಲಿ ಸೂಜಿ ಅದ್ದಿದರು. ಸೂಜಿಯ ತುದಿ ಬೋಲ್ಟಿನ ಸುತ್ತ ಒಂದು ಪ್ರದಕ್ಷಿಣೆ ನಡುಗಿ, ಕೊನೆಗೆ ಸಾಸಿವೆಯಷ್ಟು ಒಂದು ಹನಿ ಅದರ ತಲೆಯ ಮೇಲೆ ಬಿತ್ತು.

"ಸಾಹೇಬ್ರೇ," ಗೋಡೆಯ ಮೇಲಿಂದ ಲಾರಿಯಣ್ಣ, "ಕಣ್ಣಿಗೆ ಔಷಧಿ ಹಾಕ್ತಿದೀರಾ?"

"ಎಣ್ಣೆ ಒಂದು ಹನಿ ಹೆಚ್ಚಾದ್ರೆ ಗಡಿಯಾರವೇ ನಿಂತುಹೋಗತ್ತಯ್ಯ. ಪ್ರಮಾಣ ಗೊತ್ತಿರ್ಬೇಕು."

"ಆ ಬೋಲ್ಟಿಗೆ ಡಬ್ಬಿ ಎಣ್ಣೆ ಕುಡಿಸಿ, ಒಂದು ದಿನ ನೆನೆಹಾಕಿ, ಆಮೇಲೆ ನಾಲ್ಕು ಬಾರಿಸ್ಬೇಕು."

"ಬಾರಿಸೋದು ನಮ್ಮ ಮನೆತನದಲ್ಲಿಲ್ಲ."

ಮನೆತನದಲ್ಲಿಲ್ಲದ್ದರಿಂದ ಬೋಲ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮಧ್ಯಾಹ್ನದ ತನಕ ಹೆಣಗಿದರು. ಸ್ಪ್ಯಾನರು ಜಾರಿ ಗೆಣ್ಣು ತರಚಿತು. ಕೊನೆಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು "ಬರ್ತಿಲ್ಲ ಕಣೇ" ಎಂದರು. ಪರೀಕ್ಷೆ ಮುಂದಕ್ಕೆ ಹೋಯಿತೆಂದು ಹೇಳುವ ವಿದ್ಯಾರ್ಥಿಯ ದನಿಯಿತ್ತು ಅದರಲ್ಲಿ. ಹೆಂಡತಿಯ ಯಂತ್ರ ಒಂದು ಗಳಿಗೆ ನಿಂತಿತು.

"ಬರದಿದ್ರೆ ಇಷ್ಟು ಖುಷಿ ಯಾಕ್ರೀ?"

"ಖುಷಿ ಯಾರಿಗೆ? ಸುಸ್ತಾಗಿದೆ ನಂಗೆ."

"ಹಾಗಾದ್ರೆ ಕೂತ್ಕೊಳ್ಳಿ. ಈ ಸೂಜಿಗೆ ದಾರ ಹಾಕಿಕೊಡಿ."

"ಕನ್ನಡಕ ಅಂಗಡೀಲಿದೆ" ಎಂದು ಸಾಹೇಬರು ಸ್ನಾನಕ್ಕೆ ನಡೆದರು. ಮೂಗಿನ ಮೇಲೆ ಕನ್ನಡಕವಿತ್ತು. ಆಕೆ ದಾರದ ತುದಿಯನ್ನು ತಾನೇ ನಾಲಿಗೆಗೆ ತಾಕಿಸಿಕೊಂಡು ಪೋಣಿಸಿದಳು.

ಆ ವಾರವೆಲ್ಲ ಬೋಲ್ಟು ಸಾಹೇಬರ ಆಪ್ತಮಿತ್ರನಾಯಿತು. ಅಂಗಡಿಯಲ್ಲಿ ಕೂತು ಅದರ ಮೊಂಡುತನವನ್ನು ಮನಸ್ಸಿನಲ್ಲೇ ಮೆಚ್ಚುತ್ತಿದ್ದರು. ಗಿರಾಕಿಗಳಿಗೆ ಬ್ಯಾಟರಿ ಹಾಕಿಕೊಟ್ಟರು, ಬೆಲ್ಟು ಬದಲಾಯಿಸಿದರು. ಗುರುವಾರ ಮಧ್ಯಾಹ್ನ ಒಂದು ಬೆಲ್ಟು ಹಾಕುತ್ತಿರುವಾಗ, ಇಡೀ ವಾರ ತಾವು ಬೆಲ್ಟು ಮತ್ತು ಬ್ಯಾಟರಿ ಬಿಟ್ಟು ಬೇರೇನೂ ಮುಟ್ಟಿಲ್ಲವೆಂಬುದು ಹೊಳೆಯಿತು. ಮೆಟ್ಟಿಲ ಮೇಲೆ ಯಾರೋ ದಡದಡ ಇಳಿದರು. ಗಾಜಿನ ಬಟ್ಟಲ ಕೆಳಗೆ ನರ್ಸಮ್ಮನ ತಾಯಿಯ ಗಡಿಯಾರದ ಚಕ್ರಗಳು ಸಣ್ಣಗೆ ಅದುರಿದವು. ಸಾಹೇಬರು ಎರಡೂ ಕೈಯನ್ನು ಜೇಬಿಗೆ ಹಾಕಿಕೊಂಡರು. ಹಾಕಿಕೊಂಡ ಮೇಲೆ, ಕೋಟಿನ ಜೇಬಿನ ಆ ಮುದುಕರು ನೆನಪಾಗಿ ಥಟ್ಟನೆ ತೆಗೆದರು.

ಮುಂದಿನ ಭಾನುವಾರ ಲಾರಿಯಣ್ಣ ಗೋಡೆ ಹಾರಿ ಬಂದುಬಿಟ್ಟ. ಒಂದು ಕೈಯಲ್ಲಿ ಆಳೆತ್ತರದ ಕಬ್ಬಿಣದ ಪೈಪು, ಇನ್ನೊಂದರಲ್ಲಿ ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿ. ಹಿಂದಿನ ಸಂಜೆಯೇ ಹೆಂಡತಿ ಆ ಡಬ್ಬಿಯಿಂದ ಬೋಲ್ಟಿಗೆ ಧಾರಾಳವಾಗಿ ಸುರಿದಿದ್ದಳೆಂಬುದು ಸಾಹೇಬರಿಗೆ ಆಗಲೇ ತಿಳಿದದ್ದು.

"ಯಾರನ್ನ ಕೇಳಿ ಹಾಕಿದೆ?"

"ಬೋಲ್ಟನ್ನೇ ಕೇಳ್ದೆ. ಹಾಕು ಅಂತು."

ಲಾರಿಯಣ್ಣ ಸ್ಪ್ಯಾನರಿನ ಬಾಲಕ್ಕೆ ಪೈಪು ತೊಡಿಸಿ, "ಹಿಡ್ಕೊಳ್ಳಿ ಸಾಹೇಬ್ರೇ, ನಿಮ್ಮ ಕಾರು, ನಿಮ್ಮ ಕೈ" ಎಂದ. ಸಾಹೇಬರು ಹಲ್ಲು ಕಚ್ಚಿ ತೂಗಿದರು. ಟಕ್ ಎಂದು ಎಲುಬು ಮುರಿದಂಥ ಸದ್ದು. ಬೋಲ್ಟು ತಿರುಗಿತು. ಲಾರಿಯಣ್ಣ "ಬಂತು!" ಎಂದು ಕೂಗಿದ. ಸಾಹೇಬರು ಕೂಗಲಿಲ್ಲ. ನಂಬಿಕಸ್ಥ ಗೆಳೆಯನೊಬ್ಬ ಕಡೇ ಗಳಿಗೆಯಲ್ಲಿ ಕೈ ಬಿಟ್ಟಂತೆ ಆ ಬೋಲ್ಟನ್ನೇ ನೋಡುತ್ತ ನಿಂತರು.

ಹಳೆಯ ಮೌಂಟಿಂಗು ಹೊರಬಂತು. ರಬ್ಬರು ನಡುವೆ ಸೀಳಿ ಎರಡಾಗಿತ್ತು. ಲಾರಿಯಣ್ಣ ಅದನ್ನು ಬಿಡಿಸಿ ಹಿಡಿದು, "ಪಾಪ, ಎಷ್ಟು ವರ್ಷ ಹೊತ್ತಿತ್ತೋ" ಎಂದು ಬಟ್ಟೆಯ ಮೇಲಿಟ್ಟು ಊಟಕ್ಕೆ ಹೋದ.

ಅವನೇ ತಂದುಕೊಟ್ಟಿದ್ದ ಹೊಸ ಮೌಂಟಿಂಗನ್ನು ಸಾಹೇಬರು ಒಬ್ಬರೇ ಕೂರಿಸಿದರು. ಬೋಲ್ಟುಗಳನ್ನು ತೂರಿಸಿದ್ದೇ ತಡ, ಇನ್ನೂ ಇಂಜಿನ್ ಜಾಕಿನ ಮೇಲೆ ಎತ್ತಿದ ಹಾಗೇ ಇರುವಾಗ, ಒಂದೊಂದನ್ನೂ ಕೊನೆಯ ಸುತ್ತಿನ ತನಕ ಬಿಗಿದರು. ಗಡಿಯಾರದಲ್ಲಿ ಸಡಿಲ ಸ್ಕ್ರೂ ಬಿಟ್ಟು ಮುಂದಿನದಕ್ಕೆ ಹೋಗುವವನು ಕೆಲಸಗಾರನೇ ಅಲ್ಲ ಎಂದು ತಂದೆ ಕಲಿಸಿದ್ದರು. ಆಮೇಲೆ ಜಾಕು ಇಳಿಸಿ, ಹೆಂಡತಿಯನ್ನು ಕರೆದು ಕೀ ತಿರುಗಿಸಿದರು.

ಕಾರು ನಡುಗಿತು. ಮೊದಲಿಗಿಂತ ಒಂದು ಕೈ ಮೇಲಾಗಿ, ಜ್ವರ ಬಂದವರಂತೆ ಗಡಗಡ ನಡುಗಿತು.

ಸಾಹೇಬರು ನಕ್ಕರು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. "ನೋಡಿದ್ಯಾ! ಹೋಗೇ ಇಲ್ಲ! ಎರಡು ಭಾನುವಾರ ದುಡಿದರೂ ಹೋಗಿಲ್ಲ! ಇದು ಹೋಗೋದಲ್ಲ ಬಿಡು, ಇದರ ಜೊತೆಗೇ ಬದುಕ್ಬೇಕು ನಾವು."

ಹೆಂಡತಿ ನಗಲಿಲ್ಲ. ಕೆಲಸ ಕೆಟ್ಟದ್ದಕ್ಕೆ ಕುಣಿದಾಡುವ ಗಂಡನನ್ನು ಕಿಟಕಿಯ ಗಾಜಿನಾಚೆಯಿಂದ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿದ್ದರೆ ಸಾಹೇಬರಿಗೆ ಸಲೀಸಾಗುತ್ತಿತ್ತು. ಸಿಟ್ಟಿರಲಿಲ್ಲ. ಅವರ ನಗು ತಾನಾಗಿ ಆರಿತು.

ಸದ್ದಿಗೆ ಲಾರಿಯಣ್ಣ ಕೈ ತೊಳೆದುಕೊಂಡು ಬಂದ. ಬಗ್ಗಿ ನೋಡಿ ಹಣೆ ಬಡಿದುಕೊಂಡ. "ಇಂಜಿನ್ ಇಳಿಸೋ ಮುಂಚೇನೇ ಬಿಗಿದ್ರಾ? ರಬ್ಬರು ತಿರುಚಿಕೊಂಡು ಕೂತಿದೆ ನೋಡಿ. ಎಲ್ಲಾ ಸಡಿಲ ಮಾಡಿ, ಇಂಜಿನ್ ತನ್ನ ಭಾರಕ್ಕೆ ತಾನು ಕೂರಲಿ. ಎರಡು ಸಲ ಅಲುಗಿಸಿ, ಆಮೇಲೆ ಬಿಗೀರಿ. ಹತ್ತು ನಿಮಿಷ ಸಾಕು."

"ಮುಂದಿನ ಭಾನುವಾರ ನೋಡೋಣ" ಎಂದರು ಸಾಹೇಬರು ಬಾಗಿಲು ಹಾಕುತ್ತ. "ಹೊತ್ತಾಯ್ತು."

"ಈಗಿನ್ನೂ ನಾಲ್ಕು ಗಂಟೆ" ಎಂದಳು ಹೆಂಡತಿ.

ಮೂರು ಐವತ್ತೆರಡು. ಸಾಹೇಬರು ತಿದ್ದಲಿಲ್ಲ.

ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಪ್ಯಾನರಿಗೆ ಕೈ ಚಾಚಿದಳು. "ಕೊಡಿ ಇಲ್ಲಿ. ಲಾರಿಯಣ್ಣಾ, ಯಾವ ಕಡೆ ತಿರುಗಿಸೋದು?"

ಹತ್ತು ನಿಮಿಷವೂ ಹಿಡಿಯಲಿಲ್ಲ. ಆಕೆ ಸಡಿಲಿಸಿದಳು, ಲಾರಿಯಣ್ಣ ಇಂಜಿನ್ನನ್ನು ಹಿಡಿದು ಅಲ್ಲಾಡಿಸಿದ, ಅದು ಗುಟುಕ್ ಎಂದು ಒಂದು ಬೆರಳಷ್ಟು ಸರಿದು ಕೂತಿತು, ಆಕೆ ಬಿಗಿದಳು. ಸಾಹೇಬರು ಟಾರ್ಚು ಹಿಡಿದಿದ್ದರು. ಬೆಳಕು ಬೋಲ್ಟಿನ ಮೇಲೆ ನಿಲ್ಲದೆ ಆಚೀಚೆ ಆಡುತ್ತಿತ್ತು.

"ಡ್ಯಾಶ್‌ಬೋರ್ಡ್ ಮೇಲೆ ಒಂದು ಲೋಟ ತುಂಬ ನೀರಿಟ್ಟು ಸ್ಟಾರ್ಟ್ ಮಾಡಿ" ಎಂದ ಲಾರಿಯಣ್ಣ ಹೊರಡುತ್ತ. "ಚೆಲ್ಲದಿದ್ರೆ ಪಾಸು. ಚೆಲ್ಲಿದ್ರೆ ನನ್ನ ಕರೀರಿ."

ಸಾಹೇಬರು ಸ್ಟೇರಿಂಗಿನ ಮುಂದೆ ಕೂತರು. ಹೆಂಡತಿ ಸ್ಟೀಲ್ ಲೋಟವನ್ನು ಅಂಚಿನ ತನಕ ತುಂಬಿ ಡ್ಯಾಶ್‌ಬೋರ್ಡಿನ ಮೇಲಿಟ್ಟು ಪಕ್ಕದಲ್ಲಿ ಕೂತಳು. ಇಂಜಿನ್ ಶುರುವಾಯಿತು. ಇಪ್ಪತ್ತೆರಡು ವರ್ಷದ ಕಾರು ಗುರ್ ಎಂದು ಒಂದು ಸಲ ಗಂಟಲು ಸರಿಪಡಿಸಿಕೊಂಡು ಮೆಲ್ಲಗೆ ಓಡತೊಡಗಿತು. ಕನ್ನಡಿ ಅದುರಲಿಲ್ಲ. ಡೋರು ಅದುರಲಿಲ್ಲ. ಲೋಟದ ನೀರಿನಲ್ಲಿ ಕಿಟಕಿಯ ಆಕಾಶ ಅಲುಗದೆ ಕೂತಿತ್ತು.

"ನಡುಕ ನಿಂತಿತಲ್ರೀ" ಎಂದಳು ಹೆಂಡತಿ ಮೆಲ್ಲಗೆ.

"ಹೂಂ."

"ಬಾಯಾರಿರ್ಬೇಕು. ಕುಡೀರಿ."

ಸಾಹೇಬರು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದೇ ಇದ್ದರು. ಬಿಗಿಯಾಗಿ ಹಿಡಿದಷ್ಟು ಹೊತ್ತು ಎಲ್ಲ ಸರಿಯಿತ್ತು. ಕಾಲು ಭಾಗದ ಅನುಮಾನ, ಮುಕ್ಕಾಲು ಭಾಗದ ನಂಬಿಕೆ, ಎಲ್ಲವೂ ಆ ಲೋಟದ ಅಂಚಿನಲ್ಲಿ ನಿಂತಿದ್ದವು. ಕೊನೆಗೆ ಬಲಗೈ ಬಿಟ್ಟರು. ಲೋಟ ಎತ್ತಿದರು. ಅರ್ಧ ದಾರಿಯಲ್ಲೇ ನೀರು ಕುಣಿಯಿತು. ಬಾಯಿಗೆ ಬರುವಷ್ಟರಲ್ಲಿ ಶರ್ಟಿನ ಎದೆಯೆಲ್ಲ ಒದ್ದೆಯಾಗಿತ್ತು.

ಅವರು ಲೋಟವನ್ನು ಆಕೆಯ ಕೈಗೆ ಕೊಟ್ಟು, ಇಂಜಿನ್ ನಿಲ್ಲಿಸಿ, ಕೆಳಗಿಳಿದು ನೇರ ಬಿಳಿ ಬಟ್ಟೆಯ ಹತ್ತಿರ ಹೋದರು. ಮಂಡಿಯೂರಿ ಕೂತು ಹುಡುಕಿದರು. ಹಳೆಯ ಮೌಂಟಿಂಗನ್ನು ಎತ್ತಿ ಪಕ್ಕಕ್ಕಿಟ್ಟರು. ಮಡಿಕೆ ಬಿಡಿಸಿದರು. ಒಂದು ವಾಷರು, ಒಂದು ನಟ್ಟು, ಹಾಕಲು ಮರೆತ ಏನಾದರೂ ಒಂದು ಉಳಿದಿದ್ದರೆ, ಕೆಲಸ ಇನ್ನೂ ಮುಗಿದಿಲ್ಲ ಎನ್ನಬಹುದಿತ್ತು. ಬಟ್ಟೆಯ ಮೇಲೆ ಎಣ್ಣೆಯ ಕಲೆಗಳಿದ್ದವು. ಬೇರೇನೂ ಇರಲಿಲ್ಲ.

"ಏನು ಹುಡುಕ್ತಿದೀರಿ?" ಹೆಂಡತಿ ಬಂದು ಪಕ್ಕದಲ್ಲಿ ನಿಂತಿದ್ದಳು.

ಸಾಹೇಬರು ತಲೆಯೆತ್ತಲಿಲ್ಲ. "ಎಂಟು ತಿಂಗಳಾಯ್ತು ಕಣೇ" ಎಂದರು.

"ಒಂಬತ್ತು" ಎಂದಳು ಆಕೆ. "ನೀವು ಸೂಜಿಗೆ ದಾರ ಹಾಕಿಕೊಡೋದು ಬಿಟ್ಟು ಒಂಬತ್ತು ತಿಂಗಳು."

ಸೆಕೆಂಡು ಸಾಹೇಬರ ಲೆಕ್ಕವನ್ನು ಯಾರಾದರೂ ತಿದ್ದಿದ್ದು ಅದೇ ಮೊದಲು. ಒಂದು ತಿಂಗಳ ತಪ್ಪು. ಅವರು ಕೈಗಡಿಯಾರ ನೋಡಿಕೊಳ್ಳಲಿಲ್ಲ.

"ಅಪ್ಪನದೂ ಹೀಗೇ ಶುರುವಾಗಿತ್ತು. ಆ ನರ್ಸಮ್ಮನ ಗಡಿಯಾರ ಐದು ತಿಂಗಳಿಂದ ಬಿಚ್ಚಿ ಇಟ್ಟಿದೀನಿ. ಸ್ಪ್ರಿಂಗ್ ಸೊಟ್ಟ ಮಾಡಿದೀನಿ. ಪಾರ್ಟು ಬರ್ಬೇಕು ಅಂತ ಸುಳ್ಳು ಹೇಳ್ತಾ ಇದೀನಿ."

"ಅವರು ನಂಬಿದಾರೆ ಅಂದ್ಕೊಂಡ್ರಾ? ನರ್ಸು ಕಣ್ರೀ ಅವರು. ಇಂಥ ಕೈ ದಿನಾ ಹತ್ತು ನೋಡ್ತಾರೆ."

ಸಾಹೇಬರಿಗೆ "ನಿಧಾನ ಆಗ್ಲಿ" ಎಂಬ ಆ ದನಿ ನೆನಪಾಯಿತು. ಐದು ತಿಂಗಳಿಂದ ಬಟ್ಟಲ ಕೆಳಗೆ ಎಲ್ಲವನ್ನೂ ಮುಚ್ಚಿಟ್ಟಿದ್ದೇನೆಂದು ತಿಳಿದಿದ್ದವರು, ಆ ಬಟ್ಟಲು ಗಾಜಿನದು ಎಂಬುದನ್ನೇ ಮರೆತಿದ್ದರು.

"ನಾಳೆ ಇಬ್ರೂ ಆಸ್ಪತ್ರೆಗೆ ಹೋಗೋಣ" ಎಂದಳು ಹೆಂಡತಿ. "ಗಡಿಯಾರ ಹೇಗಿದೆಯೋ ಹಾಗೇ ಅವರ ಕೈಗೆ ಕೊಟ್ಟು, ನಿಜ ಹೇಳಿ. ಆಮೇಲೆ ಈ ಕೈನ ಯಾವ ಡಾಕ್ಟ್ರಿಗೆ ತೋರಿಸ್ಬೇಕು ಅಂತ ಅವರನ್ನೇ ಕೇಳೋಣ."

"ಅಂಗಡಿ?"

ಆಕೆ ಬಗ್ಗಿ ಬಿಳಿ ಬಟ್ಟೆಯ ಎರಡು ಮೂಲೆಗಳನ್ನು ಎತ್ತಿಕೊಂಡಳು.

"ಆ ತುದಿ ಹಿಡ್ಕೊಳ್ಳಿ. ಹಾಳು ಮಾಡಿಟ್ಟಿದೀರಿ ಹೊಸ ಬೆಡ್‌ಶೀಟನ್ನ."

ಸಾಹೇಬರು ಎದ್ದು ಈಚೆಯ ಮೂಲೆಗಳನ್ನು ಬೆರಳಲ್ಲಿ ಹಿಡಿದರು. ಅವರ ಬೆರಳಿಂದ ಹೊರಟ ಸಣ್ಣ ಅಲೆಯೊಂದು ಬಟ್ಟೆಯುದ್ದಕ್ಕೂ ಸಾಗಿ ಆಕೆಯ ಕೈ ತನಕ ಹೋಯಿತು. ಆಕೆ ಅದನ್ನು ನೋಡಿದಳು. ಎರಡು ಹೆಜ್ಜೆ ಹಿಂದೆ ಸರಿದು ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಳು.